'ಬಾ' ಯಾರಿಗೆ, 'ಬರ್ರಿ' ಯಾರಿಗೆ?



ಬೆಂಗಳೂರಾಗ ಓದೋ ನಮ್ಮ ಹುಡುಗರು ಕೆಲವರು ಫ್ರೆಂಚ್ ಕಲಿಯಾಕತ್ತಾರ. ಖುಷಿ ವಿಷಯ. ಅವರು ಬಾಯಿಪಾಠ ಮಾಡೋ ಕ್ರಿಯಾಪದಗಳಲ್ಲಿ 'ವನೀರ್' ಒಂದು, ಅಂದ್ರ 'ಬರು'. ನಿಯಮಕ್ಕೆ ಸಿಗದ ಪದ. ನೀನು ಅಂದ್ರ 'ತು ವಿಯಾಂ', ನೀವು ಅಂದ್ರ 'ವು ವನೇ'. ಕಷ್ಟ ಅಂತಾರ. ನಮ್ಮ 'ಬರು' ಏನು ಕಡಿಮಿ? 'ಮಾಡು' ಹೋಗಿ 'ಮಾಡಿದ' ಆಗ್ತದ, 'ಬರು' ಹೋಗಿ 'ಬರಿದ' ಆಗಂಗಿಲ್ಲ, 'ಬಂದ' ಆಗ್ತದ. ಕರೆಯುವಾಗ 'ಬಾ'. ಮರ್ಯಾದಿ ಕೊಟ್ರ 'ಬರ್ರಿ'.

ಯಾರಿಗೆ ಯಾವುದು ಅನ್ನೋದು ಮಾತ್ರ ವ್ಯಾಕರಣ ಪುಸ್ತಕದಾಗ ಇಲ್ಲ. ಅದನ್ನ ಊರು ಕಲಿಸ್ತದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನ ಹಳ್ಳಿಯಾದರೂ ಸರಿ, ಚಹಾದ ಅಂಗಡಿ ಮುಂದ ಹತ್ತು ನಿಮಿಷ ನಿಂತು ಕೇಳ್ರಿ. ಎಪ್ಪತ್ತು ವರ್ಷದ ನಮ್ಮ ಮುದುಕ 'ಬಂದಾನ'. ಗೌಡರ ಮನಿಯ ಮೀಸೆ ಮೂಡದ ಹುಡುಗ 'ಬಂದಾರ'.

ಫ್ರೆಂಚಿನಾಗೂ ಇದು ನಡೆದದ. ಬೆಲ್ಜಿಯಂನವರು ಆಳುತ್ತಿದ್ದ ಕಾಂಗೋದಲ್ಲಿ ಆಡಳಿತದ ಭಾಷೆ ಫ್ರೆಂಚ್. 1960ರ ಜೂನ್ 30, ಸ್ವಾತಂತ್ರ್ಯದ ದಿನ, ಬೆಲ್ಜಿಯಂ ರಾಜನ ಎದುರಿಗೇ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ತಮ್ಮ ಜನರಿಗಾದ ಅವಮಾನಗಳನ್ನ ಒಂದೊಂದಾಗಿ ಎಣಿಸಿದರು. ಹೊಡೆತ, ಕಸಿದುಕೊಂಡ ಭೂಮಿ, ಜೈಲು ಎಲ್ಲ ಅದರಾಗ ಇದ್ದವು. ಅವುಗಳ ಜೋಡಿಗೇ ಇದೂ ಇತ್ತು: ಕರಿಯರನ್ನ 'ತು' ಅಂತ ಕರೀತಿದ್ರು, ಅದು ಗೆಳೆತನಕ್ಕಲ್ಲ, ಮರ್ಯಾದಿಯ 'ವು' ಬಿಳಿಯರಿಗಷ್ಟೇ ಮೀಸಲಿತ್ತು ಅಂತ.

"ಇದು ಹಳ್ಳಿ ಮಾತು, ಪ್ರೀತಿಲೆ ಅಂತೀವಿ" ಅನ್ನೋರು ಅದಾರ. ಹೌದು, ಅವ್ವಗೂ 'ಬಾ' ಅಂತೀವಿ, ದೇವರಿಗೂ ಅಂತೀವಿ. ಪ್ರೀತಿಯಾದ್ರ ಎರಡೂ ಕಡೆ ಇರಬೇಕಲ್ಲ? ಆ ಮುದುಕ ತಿರುಗಿ ಗೌಡರ ಹುಡುಗಗ "ಬಾರೋ ತಮ್ಮಾ" ಅನ್ನಲಿ, ನೋಡೋಣ.

1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ಬೈಯುವುದು ಅಪರಾಧ. 'ಬಾ' ಅಂದಿದ್ದಕ್ಕೆ ಯಾವ ಎಫ್‌ಐಆರ್? ಕಾನೂನಿನ ಕೈಗೆ ಸಿಗದ ಜಾತಿ ಇಂಥ ಪ್ರತ್ಯಯದಾಗ ಅಡಗಿ ಕುಂತದ. (ನಮ್ಮ ಸಂಘಟನೆಗಳ ಗಂಡಸರು ಪೌರಕಾರ್ಮಿಕ ಹೆಣ್ಮಕ್ಕಳನ್ನ ಹೆಂಗ ಕರೀತಾರ ಅನ್ನೋದಕ್ಕ ಬ್ಯಾರೆ ಪೋಸ್ಟೇ ಬೇಕು.)

ಬಾಗೇವಾಡಿ ಬಸವಣ್ಣನವರ ಊರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ: ಆ ಹೆಸರುಗಳ ಕೊನೆಗಿರೋ 'ಅಯ್ಯ' ನೋಡ್ರಿ. ಬಸವ ಜಯಂತಿ ಮೆರವಣಿಗೆಯಲ್ಲಿ ಆ ಹೆಸರು ಕೂಗಿ ಬಂದವರೇ ಚಹಾದ ಅಂಗಡಿಯಾಗ ಮತ್ತ 'ಬಂದಾನ' ಅಂತಾರ.

ಕನ್ನಡ ಶಿಕ್ಷಕರಿಗೆ ಒಂದು ವಿನಂತಿ. ಕ್ರಿಯಾಪದದ ಪಾಠ ಮಾಡೋ ದಿನ ಮಕ್ಕಳಿಗೆ ಮನೆಗೆಲಸ ಕೊಡ್ರಿ: ನಿಮ್ಮ ಊರಾಗ ಯಾರು ಯಾರಿಗೆ 'ಬರ್ರಿ' ಅಂತಾರ, ಯಾರು ಯಾರಿಗೆ ಅನ್ನಂಗಿಲ್ಲ, ಬರಕೊಂಡು ಬರ್ರಿ ಅಂತ.