ಕೊಟ್ಟ ಹೆಣ್ಣು

ಹಿಂದಿನ ಸಲ ತಿಪಟೂರಿಗೆ ಬಂದಿದ್ದಾಗ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರೊಬ್ಬರು, “ದೇಶಾನೇ ಬಿಟ್ಟುಕೊಟ್ಟೆಯಂತಲ್ಲಮ್ಮಾ?” ಎಂದರು. ತುತ್ತು ನುಂಗಿ ಸುಮ್ಮನಾದೆ. ಅಂದು ಆಡದ ಮಾತನ್ನು ಈಗ ಆಡುತ್ತೇನೆ.

ನಾನು ಅಮೆರಿಕದ ಪ್ರಜೆಯಾದದ್ದು ಅಮ್ಮನಿಗಾಗಿ. ನ್ಯೂಜೆರ್ಸಿಯಲ್ಲಿ ಹನ್ನೆರಡು ವರ್ಷ ಬರೀ ಗ್ರೀನ್ ಕಾರ್ಡಿನಲ್ಲಿದ್ದೆ, ಭಾರತದ ಪಾಸ್‌ಪೋರ್ಟನ್ನು ತಾಳಿಯಂತೆ ಜೋಪಾನ ಮಾಡಿಕೊಂಡು. ಅಮ್ಮನಿಗೆ ಲಕ್ವ ಹೊಡೆದಾಗ ಅದರ ತೊಡಕು ತಿಳಿಯಿತು. ಆ ಕಾರ್ಡಿನವರು ಆರು ತಿಂಗಳು ಮೀರಿ ಹೊರಗಿದ್ದರೆ ಮರಳುವಾಗ ವಿಚಾರಣೆ. ವರ್ಷ ದಾಟುವಂತಿದ್ದರೆ ಮೊದಲೇ ಅನುಮತಿಪತ್ರ ಪಡೆದಿರಬೇಕು. ದಿನ ಎಣಿಸದೆ ಅಮ್ಮನ ಮಗ್ಗುಲಲ್ಲಿ ಕೂರಬೇಕಾದರೆ ನಾನು ಆ ದೇಶದವಳಾಗಬೇಕಿತ್ತು! ಹಳೆಯ ನಿಷ್ಠೆಗಳನ್ನೆಲ್ಲ ತೊರೆದೆನೆಂದು ಬಲಗೈ ಎತ್ತಿ ಹೇಳಿದೆ. ಹೇಳಿದ್ದು ಬಾಯಿ. ಮಕ್ಕಳನ್ನು ಅವರಪ್ಪನಿಗೊಪ್ಪಿಸಿ ಬಂದು ಅಮ್ಮನ ಕೊನೆಯ ಹದಿಮೂರು ತಿಂಗಳು ಇಲ್ಲಿದ್ದೆ. ‘ರದ್ದು’ ಎಂದು ಮುದ್ರೆ ಬಿದ್ದ ಹಳೆಯ ಪಾಸ್‌ಪೋರ್ಟನ್ನು ಅವಳಿಗೆ ತೋರಿಸಲಿಲ್ಲ.

ಇನ್ನೊಂದು ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ ಎನ್ನುತ್ತದೆ 1955ರ ಪೌರತ್ವ ಕಾಯ್ದೆ. ಎರಡನ್ನೂ ಇಟ್ಟುಕೊಳ್ಳುವ ದಾರಿಯೇ ಇಲ್ಲದಿದ್ದರೆ ಅದನ್ನು ಬಿಟ್ಟುಕೊಡುವುದು ಎನ್ನುತ್ತಾರೆಯೇ?

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕೇಳಿಯೇ ಬೆಳೆದವರು ನಾವು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ, ಮದುವೆಯಾದ ಮಗಳೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲುದಾರಳಾದಳು. ನಮ್ಮಂಥವರಿಗೆ ಓಸಿಐ ಕಾರ್ಡ್ ಬಂದದ್ದೂ ಅದೇ ವರ್ಷ. ಹೆಸರಿಗೆ ‘ಸಾಗರೋತ್ತರ ಪ್ರಜೆ’. ಜೀವವಿರುವವರೆಗೆ ಬಂದು ಹೋಗಬಹುದು, ಓಟು ಹಾಕುವಂತಿಲ್ಲ. ಅಪ್ಪನ ತೆಂಗಿನ ತೋಟದಲ್ಲಿ ನನ್ನ ಪಾಲು ಬಂದೀತು. ಪಕ್ಕದ ಒಂದು ಗುಂಟೆ ಕೊಳ್ಳುವಂತಿಲ್ಲ. ಬಾಗಿಲಿಗೆ ಬಂದ ಮಗಳಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದ ಹಾಗೆ!

ಓಟಿನ ವಿಷಯದಲ್ಲಿ ನನಗೆ ಹಠವಿಲ್ಲ. ಇಲ್ಲಿ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹೊರುವವಳು ನಾನಲ್ಲವಲ್ಲ. ಆದರೆ ‘ಬಿಟ್ಟುಕೊಟ್ಟೆ’ ಎಂದರೆ ಒಪ್ಪಲಾರೆ.

ಹಾಗೆಂದು ಆ ದೇಶವನ್ನು ಹಳಿದು ನಿಮ್ಮನ್ನು ಮೆಚ್ಚಿಸಲೂ ಆರೆ. ಕಾರು ಓಡಿಸಲು ಕಲಿತದ್ದು, ನನ್ನ ಹೆಸರಿನಲ್ಲಿ ಮೊದಲ ಸಂಬಳ ಎಣಿಸಿದ್ದು ಅಲ್ಲೇ. ‘ನೀನು ನಿಜವಾಗಿ ಎಲ್ಲಿಯವಳು?’ ಎಂದು ಕೇಳುವವರು ಅಲ್ಲೂ ಇದ್ದಾರೆ. ಹಿಮ ಬಿದ್ದ ಬೆಳಿಗ್ಗೆ ನಮ್ಮ ಮೆಟ್ಟಿಲನ್ನೂ ಗುಡಿಸಿಕೊಡುವ ಪಕ್ಕದ ಮನೆಯ ಅಜ್ಜನೂ ಇದ್ದಾನೆ. ನನ್ನ ಮಗಳಿಗೆ ಅದೇ ತವರು. ಮಗಳ ತವರನ್ನು ಹೇಗೆ ಹಳಿಯಲಿ?

ಅಂದ ಹಾಗೆ, ಆ ಹಿರಿಯರ ಮಗ ಆಸ್ಟ್ರೇಲಿಯದ ಪ್ರಜೆಯಾಗಿ ಎಂಟು ವರ್ಷವಾಯಿತಂತೆ. ಪಾಯಸ ಬಡಿಸುವ ಹೊತ್ತಿಗೆ ಅವರೇ ಬೀಗುತ್ತ ಹೇಳಿದರು.