ಅಂಚೆಗೆ ಬೀಳದ ಕಾಗದ

ಮಕ್ಕಳೇ, ಬ್ಯಾಂಕಿನ ಗುಮಾಸ್ತನಿಗೆ ಸಂಜೆಯಾಯಿತೆಂದರೆ ಒಂದೇ ಚಿಂತೆ. ಲೆಕ್ಕ ತಾಳೆಯಾಗಬೇಕು. ಐದು ಪೈಸೆ ವ್ಯತ್ಯಾಸ ಬಂದರೂ ಲೆಡ್ಜರುಗಳನ್ನೆಲ್ಲ ಮತ್ತೆ ಬಿಡಿಸಿಕೊಂಡು ಕೂರಬೇಕು. ನಿವೃತ್ತನಾದ ದಿನ ನನ್ನ ಎಲ್ಲ ಲೆಕ್ಕವೂ ತಾಳೆಯಾಗಿದೆ ಎಂದುಕೊಂಡು ಮನೆಗೆ ಬಂದಿದ್ದೆ. ಆದರೆ ಒಂದು ಬಾಕಿ ಉಳಿದೇ ಇತ್ತು. ಅದನ್ನು ಹುಡುಕಿ ನನ್ನ ಮುಂದಿಟ್ಟವನು ನನ್ನ ಮೊಮ್ಮಗ.

ಪುಣೆಯಲ್ಲಿರುವ ಮಗಳು ಬೇಸಿಗೆ ರಜೆಗೆ ಅವನನ್ನು ಮೈಸೂರಿಗೆ ಕಳಿಸಿದ್ದಳು. ಹದಿಮೂರು ವರ್ಷದ ಹುಡುಗ. ಒಂದು ರಾತ್ರಿ ಹತ್ತು ಗಂಟೆಯಲ್ಲಿ ಕೋಣೆಯೊಳಗಿಂದ ಅವನೊಬ್ಬನೇ ನಗುವ ಸದ್ದು. "ರೀ, ಅದೇನು ಅಂತ ನೋಡಿ ಬನ್ನಿ" ಎಂದು ಅವನ ಅಜ್ಜಿ ನನ್ನನ್ನು ಅಟ್ಟಿದಳು. ಹೋಗಿ ನೋಡಿದರೆ ಫೋನು ಹಿಡಿದು ಟಪಟಪನೆ ಏನೋ ಬರೆಯುತ್ತಿದ್ದಾನೆ.

"ಯಾರ ಜೊತೆಗೋ ಮಾತು?" ಎಂದೆ.

"ತಾತ, ಸ್ಟಾರ್ ಟ್ರೆಕ್ ಅಂತ ಒಂದು ಹಳೇ ಟಿವಿ ಸೀರಿಯಲ್ ಇದೆ. ನಿನಗೆ ಗೊತ್ತಿರಲ್ಲ ಬಿಡು. ಅದನ್ನ ಇಷ್ಟಪಡೋರೆಲ್ಲ ಸೇರಿ ಮಾತಾಡ್ತಿದ್ದೀವಿ."

ನಾನು ಬಾಯಲ್ಲಿ ಉತ್ತರ ಕೊಡಲಿಲ್ಲ. ಬಲಗೈ ಎತ್ತಿದೆ. ತೋರುಬೆರಳು, ನಡುಬೆರಳು ಒಂದು ಜೋಡಿ. ಉಂಗುರದ ಬೆರಳು, ಕಿರುಬೆರಳು ಇನ್ನೊಂದು ಜೋಡಿ. ನಡುವೆ ಅಗಲವಾದ ಸಂದಿ. ಹಾಗೆ ಮಾಡಿ ತೋರಿಸಿದೆ. ಹುಡುಗ ಬಿಟ್ಟ ಬಾಯಿ ಬಿಟ್ಟಂತೆಯೇ ಕುಳಿತ. "ತಾತ! ನಿನಗೆ ಸ್ಪಾಕ್ ಗೊತ್ತಾ?"

ಗೊತ್ತಿಲ್ಲದೆ ಏನು! 1980ರ ದಶಕದ ನಡುವೆ ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆ. ಎಂಟು ಮನೆಗಳಿಗೆ ಒಂದೇ ಟಿವಿ, ಅದೂ ವಠಾರದ ಮಾಲೀಕರ ಮನೆಯಲ್ಲಿ. ಕಪ್ಪು ಬಿಳುಪಿನದು. ಅದಕ್ಕೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬಾಗಿಲು, ಬಾಗಿಲಿಗೆ ಬೀಗ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಮಾಲೀಕರು ಬೀಗ ತೆಗೆಯುವ ಹೊತ್ತಿಗೆ ವಠಾರದ ಮಕ್ಕಳೆಲ್ಲ ಎಣ್ಣೆಸ್ನಾನ ಮುಗಿಸಿ ನೆಲದ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಎಲ್ಲರಿಗಿಂತ ಮುಂದೆ ನನ್ನ ಮಗಳು. ಆಗ ಅವಳಿಗೆ ಎಂಟು ವರ್ಷ.

ಆ ಸರಣಿ ನೋಡದವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಅಮೆರಿಕದ ಜೀನ್ ರಾಡೆನ್‌ಬೆರಿ ಎಂಬವರ ಕಲ್ಪನೆ ಅದು. 1966ರ ಸೆಪ್ಟೆಂಬರ್ 8ರಂದು ಅಲ್ಲಿನ ಎನ್‌ಬಿಸಿ ವಾಹಿನಿಯಲ್ಲಿ ಮೊದಲ ಕಂತು ಬಂತು. ಇಪ್ಪತ್ತಮೂರನೆಯ ಶತಮಾನದಲ್ಲಿ ಎಂಟರ್‌ಪ್ರೈಸ್ ಎಂಬ ಗಗನನೌಕೆ ಹೊಸ ಹೊಸ ಲೋಕಗಳನ್ನು ನೋಡುತ್ತ ಹೋಗುತ್ತದೆ. ಕರ್ಕ್ ಅದರ ಕ್ಯಾಪ್ಟನ್. ಅವನ ಬಲಗೈ ಸ್ಪಾಕ್. ಅವನ ಕಿವಿ ಚೂಪು, ಹುಬ್ಬು ಓರೆ, ಮುಖದಲ್ಲಿ ನಗುವಿಲ್ಲ. ನೌಕೆಯಲ್ಲಿ ಕಪ್ಪು ವರ್ಣದ ಹೆಣ್ಣುಮಗಳೊಬ್ಬಳು ಅಧಿಕಾರಿ, ಜಪಾನೀ ಮೂಲದ ನಟ ಇನ್ನೊಬ್ಬ ಅಧಿಕಾರಿ. ಎರಡನೆಯ ವರ್ಷ ರಷ್ಯಾದ ತರುಣನೂ ಬಂದು ಸೇರಿದ. ಅಮೆರಿಕವೂ ರಷ್ಯಾವೂ ಎದುರುಬದುರು ನಿಂತು ಹಲ್ಲು ಕಡಿಯುತ್ತಿದ್ದ ಕಾಲ ಅದು, ನೆನಪಿರಲಿ.

ಆ ಬೆರಳಿನ ನಮಸ್ಕಾರ ಸ್ಪಾಕ್ ಪಾತ್ರದ್ದು. ಅದಕ್ಕೂ ಒಂದು ಕಥೆಯಿದೆ. ನಟ ಲಿಯೊನಾರ್ಡ್ ನಿಮಾಯ್ ಯಹೂದಿ ಮನೆತನದವರು. ಬಾಲ್ಯದಲ್ಲಿ ಬಾಸ್ಟನ್ ಊರಿನ ಅವರ ಪ್ರಾರ್ಥನಾ ಮಂದಿರಕ್ಕೆ ಮನೆಯ ಹಿರಿಯರ ಜೊತೆ ಹೋಗುತ್ತಿದ್ದರಂತೆ. ಅಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಯಾರೂ ನೋಡಬಾರದೆಂಬ ನಿಯಮ. ಈ ಹುಡುಗ ಕದ್ದು ನೋಡಿಬಿಟ್ಟ! ಪುರೋಹಿತರು ಎರಡೂ ಕೈಗಳಲ್ಲಿ ಹೀಗೆ ಬೆರಳು ಜೋಡಿಸಿದ್ದರು. ದೊಡ್ಡವನಾಗಿ ನಟನಾದ ಮೇಲೆ ಅದೇ ಮುದ್ರೆಯನ್ನು ಒಂದು ಕೈಗೆ ಇಳಿಸಿ ಸ್ಪಾಕ್‌ಗೆ ಕೊಟ್ಟರು.

ಇಷ್ಟು ಹೇಳಿದ ಮೇಲೆ ಮೊಮ್ಮಗ ಸರಿದು ಕುಳಿತು ನನಗೂ ಜಾಗ ಕೊಟ್ಟ. ಆದರೆ ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? "ಇವರೆಲ್ಲ ಯಾರೋ? ಮುಖ ನೋಡಿದ್ದೀಯಾ?" ಎಂದು ವಿಚಾರಣೆ ಶುರುಮಾಡಿದೆ. ಕೌಂಟರಿನಲ್ಲಿ ಗಿರಾಕಿ ಎಷ್ಟೇ ನಗುಮುಖದವರಾಗಿರಲಿ, ಸಹಿ ತಾಳೆ ನೋಡದೆ ನಾವು ಹಣ ಕೊಡುತ್ತಿರಲಿಲ್ಲ. ಅಪರಿಚಿತರ ಜೊತೆ ಮಾತೂ ಹಾಗೆಯೇ. ಊರು, ಶಾಲೆ, ಫೋನ್ ನಂಬರು, ಫೋಟೋ ಇವು ಯಾವುವೂ ಆಚೆ ಹೋಗಬಾರದು. ಯಾರಾದರೂ ಕೇಳಿದರೆ ಮನೆಯಲ್ಲಿ ಹೇಳಬೇಕು. "ಅಮ್ಮ ಇದನ್ನೇ ನೂರು ಸಲ ಹೇಳಿದ್ದಾಳೆ ತಾತ. ಅವಳೂ ದಿನಾ ನೋಡ್ತಾಳೆ" ಎಂದ. ಸಮಾಧಾನವಾಯಿತು. ಮಕ್ಕಳೇ, ಈ ಮಾತು ನಿಮಗೂ ಅನ್ವಯಿಸುತ್ತದೆ.

ಆಮೇಲೆ ಅವರ ಮಾತುಕತೆಯನ್ನು ಅವನು ಓದುತ್ತ ಹೋದ, ನಾನು ಕೇಳುತ್ತ ಹೋದೆ. ಎಂಥ ಗಮ್ಮತ್ತು ಅಂತೀರಿ! ನೌಕೆಯ ಡಾಕ್ಟರು ರೋಗಿಯ ಮೈಮೇಲೆ ಆಡಿಸುತ್ತಿದ್ದ ಪುಟ್ಟ ಯಂತ್ರಗಳಿವೆಯಲ್ಲ, ಅವು ನಿಜವಾಗಿ ಊಟದ ಮೇಜಿನ ಉಪ್ಪಿನ ಡಬ್ಬಿಗಳಂತೆ! ಒಂದು ಕಂತಿಗೆ ಉಪ್ಪಿನ ಡಬ್ಬಿ ಬೇಕೆಂದು ಹೊಸ ನಮೂನೆಯವನ್ನು ತಂದರು. ನೋಡುವವರಿಗೆ ಅವು ಉಪ್ಪಿನ ಡಬ್ಬಿ ಎಂದು ತಿಳಿಯುವುದೇ ಇಲ್ಲವಲ್ಲ ಎಂದು ಡಾಕ್ಟರಿಗೆ ಕೊಟ್ಟುಬಿಟ್ಟರು. ನೌಕೆಯ ಬಾಗಿಲುಗಳು ಹತ್ತಿರ ಹೋದೊಡನೆ ತಾವೇ ಸರಿಯುತ್ತಿದ್ದವು. ಮರೆಯಲ್ಲಿ ನಿಂತು ಎಳೆಯುತ್ತಿದ್ದವರು ಮನುಷ್ಯರೇ. ನೌಕೆಯನ್ನು ವಾರವಾರವೂ ನೆಲಕ್ಕಿಳಿಸಿ ತೋರಿಸಲು ಖರ್ಚು ಬಹಳ. ಅದಕ್ಕೇ ಜನರನ್ನು ಮಿಣಮಿಣ ಬೆಳಕಾಗಿ ಮಾಡಿ ಕೆಳಗಿಳಿಸುವ ಉಪಾಯ ಹೂಡಿದರು. ಕೈಯಲ್ಲಿ ಕಾಸಿಲ್ಲದಾಗ ತಲೆ ಎಷ್ಟು ಚುರುಕಾಗುತ್ತದೆ ನೋಡಿ!

ನಾನೂ ನನ್ನ ಪಾಲಿನದೊಂದು ಸೇರಿಸಿದೆ. 1979ರಲ್ಲಿ ಬಂದ ಮೊದಲ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ತಲೆ ಬೋಳಿಸಿಕೊಂಡು ನಟಿಸಿದ ಪರ್ಸಿಸ್ ಖಂಬಾಟಾ ನಮ್ಮ ಮುಂಬಯಿಯವರು. ಅದನ್ನು ಬರೆದದ್ದೇ ತಡ, ಎಲ್ಲೋ ದೂರದೇಶದ ಹಿರಿಯರೊಬ್ಬರು, ಸರಣಿ ಮೊದಲ ಸಲ ಬಂದಾಗಲೇ ನೋಡಿದವರಂತೆ, "ನಿನ್ನ ತಾತನಿಗೆ ನಮಸ್ಕಾರ ತಿಳಿಸು" ಎಂದು ಉತ್ತರ ಹಾಕಿದರು. ನನಗೆ ನಾಚಿಕೆಯಾಗುವಷ್ಟು ಖುಷಿಯಾಯಿತು.

ಅವರೇ ಆಮೇಲೆ ಕಾಗದಗಳ ಕಥೆ ತೆಗೆದರು.

ಸರಣಿ ಶುರುವಾಗಿ ಎರಡು ವರ್ಷ ತುಂಬುವ ಮೊದಲೇ ಅದನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ನೋಡುವವರ ಸಂಖ್ಯೆ ಸಾಲದು ಎಂಬ ಕಾರಣ. ಆಗ ಬೀಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ಎಂಬ ದಂಪತಿ ಪಟ್ಟು ಹಿಡಿದು ಕುಳಿತರು. ಅವರೇನೂ ದೊಡ್ಡ ಮನುಷ್ಯರಲ್ಲ, ನಮ್ಮ ನಿಮ್ಮ ಹಾಗೆ ನೋಡುಗರು. ಅವರ ಉಪಾಯ ಸರಳ. ನೀವು ವಾಹಿನಿಗೆ ಒಂದು ಕಾಗದ ಬರೆಯಿರಿ, ಹತ್ತು ಜನಕ್ಕೆ ಹೇಳಿ. ಆ ಹತ್ತು ಜನ ತಲಾ ಹತ್ತು ಜನಕ್ಕೆ ಹೇಳಲಿ. ಲೆಕ್ಕ ಹಾಕಿ ಮಕ್ಕಳೇ: ಒಂದು, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಐದೇ ಹೆಜ್ಜೆ! ಕಂಪ್ಯೂಟರು ಮನೆಗೆ ಬರದ ಕಾಲ. ಅಂಚೆ ಚೀಟಿ, ಲಕೋಟೆ, ಸೈಕ್ಲೋಸ್ಟೈಲ್ ಮಾಡಿದ ಹಾಳೆ ಇಷ್ಟೇ ಅವರ ಬಂಡವಾಳ. ನಮ್ಮ ಬ್ಯಾಂಕಿನ ಸುತ್ತೋಲೆಗಳು ಬರುತ್ತಿದ್ದುದೂ ಸೈಕ್ಲೋಸ್ಟೈಲಿನಲ್ಲೇ. ಅದರ ಮಸಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಎನ್‌ಬಿಸಿಗೆ ಲಕ್ಷಕ್ಕೂ ಮೀರಿ ಕಾಗದಗಳು ಬಂದುವಂತೆ. ಕ್ಯಾಲ್ಟೆಕ್ ವಿದ್ಯಾರ್ಥಿಗಳು ಪಂಜು ಹಿಡಿದು ಮೆರವಣಿಗೆಯನ್ನೇ ಮಾಡಿದರು. 1968ರ ಮಾರ್ಚ್ 1ರಂದು ಕಂತು ಮುಗಿದ ಕೂಡಲೇ ಸರಣಿ ಮುಂದುವರಿಯುತ್ತದೆಂದು ಟಿವಿಯಲ್ಲೇ ಸಾರಿದರು. ಇನ್ನಾದರೂ ಕಾಗದ ನಿಂತಾವು ಎಂದುಕೊಂಡರೇನೋ. ಧನ್ಯವಾದ ಹೇಳುವ ಕಾಗದಗಳು ಶುರುವಾದವು!

ಮೂರನೆಯ ವರ್ಷ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದ್ದರಿಂದ ನೋಡುವವರು ಕಡಿಮೆಯಾಗಿ, 1969ರಲ್ಲಿ 79 ಕಂತಿಗೆ ಸರಣಿ ನಿಂತಿತು ನಿಜ. ಆದರೆ ಆ ಮೂರನೆಯ ವರ್ಷ ಸಿಕ್ಕಿದ್ದರಿಂದ ಮತ್ತೆ ಮತ್ತೆ ತೋರಿಸಲು ಸಾಕಾಗುವಷ್ಟು ಕಂತುಗಳಾದವು. ಊರೂರಿನ ಟಿವಿ ಕೇಂದ್ರಗಳು ಅದನ್ನೇ ದಿನದಿನವೂ ಹಾಕಿದವು. ನಿಂತುಹೋದ ಸರಣಿ ಸತ್ತ ಮೇಲೆ ಬೆಳೆಯಿತು. 1972ರಲ್ಲಿ ಅಭಿಮಾನಿಗಳು ನ್ಯೂಯಾರ್ಕಿನಲ್ಲಿ ಸೇರಿದಾಗ ಕೆಲವು ನೂರು ಜನ ಬರಬಹುದೆಂದು ಕಾದಿದ್ದರು. ಬಂದದ್ದು ಮೂರು ಸಾವಿರಕ್ಕೂ ಹೆಚ್ಚು.

1976ರಲ್ಲಿ ಅಮೆರಿಕದವರು ತಮ್ಮ ಮೊದಲ ಬಾಹ್ಯಾಕಾಶ ಷಟಲ್ ನೌಕೆಗೆ ಕಾನ್‌ಸ್ಟಿಟ್ಯೂಷನ್ ಎಂದು ಹೆಸರಿಡಲು ಹೊರಟಿದ್ದರು. ಅಭಿಮಾನಿಗಳು ಮತ್ತೆ ಪೆನ್ನು ಹಿಡಿದರು. ಅಧ್ಯಕ್ಷ ಫೋರ್ಡ್ ಅವರ ಮನೆಗೇ ಕಾಗದಗಳ ಮಳೆ. ಹೆಸರು ಎಂಟರ್‌ಪ್ರೈಸ್ ಎಂದು ಬದಲಾಯಿತು! ಸೆಪ್ಟೆಂಬರ್ 17ರಂದು ಅದನ್ನು ಹೊರಗೆ ತಂದಾಗ ಸರಣಿಯ ನಟರೂ ಅಲ್ಲಿ ನಿಂತಿದ್ದರು. ಆ ನೌಕೆ ಪರೀಕ್ಷೆಗಷ್ಟೇ ಹಾರಿತು, ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಈಗ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

"ನೋಡಿದೆಯಾ, ಸಾಮಾನ್ಯ ಜನರ ಕಾಗದಕ್ಕೆ ಎಂಥ ಶಕ್ತಿ!" ಎಂದು ನಾನು ಉಪದೇಶದ ದನಿ ತೆಗೆದೆ.

ಹುಡುಗ ಫೋನಿನಿಂದ ತಲೆ ಎತ್ತಿ ಹೇಳಿದ: "ಹೌದು ತಾತ. ಅಮ್ಮನೂ ಬರೆದಿದ್ದಳಂತಲ್ಲ. ಪಾಪ, ಅವಳಿಗೆ ಮಾತ್ರ ಉತ್ತರ ಬರಲಿಲ್ಲವಂತೆ. ಈಗಲೂ ಹೇಳ್ತಿರ್ತಾಳೆ."

ನನ್ನ ಎದೆ ಧಸಕ್ಕೆಂದಿತು.

ನಮ್ಮ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಮುಗಿದ ಮುಂದಿನ ಭಾನುವಾರ ಮಗಳು ಊಟ ಮಾಡಿರಲಿಲ್ಲ. ಸಂಜೆ ನನ್ನ ಕೈಗೆ ಒಂದು ಕಾಗದ ಕೊಟ್ಟಳು. ಬ್ಯಾಂಕಿನಿಂದ ನಾನು ತಂದಿಟ್ಟಿದ್ದ ಹಳೆಯ ಚಲನ್ನಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು. "ದೆಹಲಿಯ ಟಿವಿಯವರಿಗೆ ನಮಸ್ಕಾರ. ಸ್ಪಾಕ್ ಮಾಮನನ್ನು ಮತ್ತೆ ಕಳಿಸಿ. ನಮ್ಮ ಮನೆಯಲ್ಲಿ ಟಿವಿ ಇಲ್ಲ, ಆದರೂ ತಪ್ಪದೆ ನೋಡುತ್ತೇನೆ." ಕೆಳಗೆ ಚೂಪು ಕಿವಿಯ ಒಂದು ಚಿತ್ರ.

"ಅಂಚೆಗೆ ಹಾಕ್ತೀಯಾ ಅಪ್ಪಾ?" ಎಂದಳು. "ಹೂಂ" ಎಂದೆ.

ಹಾಕಲಿಲ್ಲ. ಕನ್ನಡದಲ್ಲಿ ಬರೆದದ್ದು, ಮಗು ಬರೆದದ್ದು, ದೆಹಲಿಯಲ್ಲಿ ಯಾರು ಓದುತ್ತಾರೆ ಎಂದುಕೊಂಡೆ. ಮೇಜಿನ ಖಾನೆಯಲ್ಲಿಟ್ಟೆ. ವರ್ಗವಾದಾಗ ಯಾವ ಕಾಗದದ ಕಟ್ಟಿನಲ್ಲಿ ಹೋಯಿತೋ. "ಹಾಕಿದೆಯಾ?" ಎಂದು ಅವಳು ಕೇಳಿದ್ದಳು. "ಹಾಕಿದೆ" ಎಂದಿದ್ದೆ. ತಿಂಗಳುಗಟ್ಟಲೆ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ವಠಾರದ ಬಾಗಿಲಿಗೆ ಓಡುತ್ತಿದ್ದಳು. ನಾನು ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಉತ್ತರ ಕೊಡದವರು ದೆಹಲಿಯವರೆಂದು ನಲವತ್ತು ವರ್ಷ ನಂಬಿದ್ದಾಳೆ. ಆ ಕಾಗದ ಹೋಗಿದ್ದರೆ ಸರಣಿ ಮತ್ತೆ ಬರುತ್ತಿತ್ತೆಂದು ನಾನು ಹೇಳುವುದಿಲ್ಲ. ಬಾರದೆಯೇ ಇರಬಹುದಿತ್ತು. ಆದರೆ ಆ ಲಕ್ಷ ಕಾಗದಗಳನ್ನು ಬರೆದವರಲ್ಲಿ ಯಾರಿಗೂ ಮೊದಲೇ ಗೊತ್ತಿರಲಿಲ್ಲವಲ್ಲ. ನನ್ನ ಕಾಗದ ಒಂದರಿಂದ ಏನಾದೀತು ಎಂದು ಅವರೆಲ್ಲ ಖಾನೆಯಲ್ಲಿಟ್ಟಿದ್ದರೆ?

ಬೆಳಿಗ್ಗೆ ಎದ್ದು ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ತಂದೆ. ಫೋನಿನಲ್ಲಿ ಹೇಳಬಹುದಿತ್ತು, ಈ ತಪ್ಪನ್ನು ಕಾಗದದಲ್ಲೇ ಒಪ್ಪಿಕೊಳ್ಳಬೇಕು ಅನ್ನಿಸಿತು. ನಡೆದದ್ದನ್ನೆಲ್ಲ ಬರೆದೆ. ಮೊಮ್ಮಗನ ಎದುರಿಗೇ ಡಬ್ಬಿಗೆ ಹಾಕಿದೆ. ಅವನು ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಬಂದ.

ಐದನೆಯ ದಿನ ಮಗಳ ಫೋನು ಬಂತು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಬೇಜಾರಾಯ್ತು ಅಪ್ಪಾ" ಎಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅದರಲ್ಲಿ ಕಿವಿ ಸರಿಯಾಗಿ ಬರೆದಿದ್ದೆನಾ?" ಎಂದಳು. "ಒಂದು ಕಿವಿ ಸ್ವಲ್ಪ ಉದ್ದವಾಗಿತ್ತು" ಎಂದೆ. ಅವಳು ನಕ್ಕಳು. ಪಕ್ಕದಲ್ಲಿ ಹುಡುಗನೂ ನಕ್ಕ. ನಾನು ಕನ್ನಡಕ ಒರೆಸಿಕೊಂಡೆ.

ಅಜ್ಜ ಅಜ್ಜಿಯರೇ, ಮಕ್ಕಳು ನಿಮ್ಮ ಕೈಗೆ ಕಾಗದ ಕೊಟ್ಟರೆ ದಯವಿಟ್ಟು ಡಬ್ಬಿಗೆ ಹಾಕಿ. ಓದುವವರು ಇದ್ದಾರೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಮಕ್ಕಳೇ, ನಿಮಗೆ ತುಂಬಾ ಇಷ್ಟವಾದ ಕಥೆಯೋ ಸಿನಿಮಾವೋ ಇದ್ದರೆ, ಯಾಕೆ ಇಷ್ಟ ಎಂದು ನಾಲ್ಕು ಸಾಲು ಬರೆದು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ. ಹಳೆಯ ಚಲನ್ನಿನ ಹಿಂಬದಿಯಾದರೂ ಅಡ್ಡಿಯಿಲ್ಲ. ಉತ್ತರ ಬರೆಯುತ್ತೇನೆ. ಈ ಸಲ ನಾನೇ ಹೋಗಿ ಡಬ್ಬಿಗೆ ಹಾಕುತ್ತೇನೆ.