ಕಂತಿನ ಫೋನು: ದುಡಿಯುವವನಿಗೆ ದಕ್ಕಿದ್ದೆಷ್ಟು?



ಕಳೆದ ದೀಪಾವಳಿಯ ಮರುವಾರ ನಮ್ಮ ಸಂಘದ ಕಚೇರಿಗೆ ಒಬ್ಬ ತರುಣ ಬಂದನು. ಕುಂದಾಪುರದ ಕಡೆಯವನು, ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ, ಊಟ, ವಸತಿ ಕಳೆದು ಕೈಗೆ ಬರುವ ಪಗಾರ 16,000 ರೂಪಾಯಿ. ಕೈಯಲ್ಲಿ ಹೊಸ ಫೋನು, ಮುಖದಲ್ಲಿ ಹಳೆಯ ಚಿಂತೆ. “ಅಣ್ಣಾ, ಬಡ್ಡಿಯೇ ಇಲ್ಲವೆಂದು ಹೇಳಿ ಕೊಟ್ಟರು. ಈಗ ನೋಡಿದರೆ ಲೆಕ್ಕವೇ ತಾಳೆಯಾಗುವುದಿಲ್ಲ” ಎಂದನು.

ಅವನ ಕಾಗದಗಳನ್ನು ಬಿಡಿಸಿಟ್ಟುಕೊಂಡು ಕುಳಿತೆವು. ಫೋನಿನ ಬೆಲೆ 24,000; ತಿಂಗಳಿಗೆ 2,000ದಂತೆ 12 ಕಂತು. ನಗದು ಎಣಿಸಿದ್ದರೆ ಅದೇ ಅಂಗಡಿಯಲ್ಲಿ ಅದೇ ಫೋನು 22,000ಕ್ಕೆ ಸಿಗುತ್ತಿತ್ತು. ‘ಪ್ರೊಸೆಸಿಂಗ್ ಫೀ’ ಎಂದು ತೆರಿಗೆ ಸಹಿತ 590. ಕೇಳದೆಯೇ ಸೇರಿಸಿದ ವಿಮೆ 1,200. ಚೌತಿಗೆ ಊರಿಗೆ ಹೋದಾಗ ಒಂದು ಕಂತು ತಪ್ಪಿತು. ಸಾಲ ಕೊಟ್ಟವರ ದಂಡ 590, ಖಾತೆಯಲ್ಲಿ ಹಣವಿರಲಿಲ್ಲವೆಂದು ಬ್ಯಾಂಕಿನ ದಂಡ ಇನ್ನೊಂದು 590. ಕಂತೆಲ್ಲ ತೀರುವ ಹೊತ್ತಿಗೆ ಒಟ್ಟು 26,970. ಅಂದರೆ ‘ಶೂನ್ಯ’ ಬಡ್ಡಿಯ ನಿಜವಾದ ಮೊತ್ತ 4,970 ರೂಪಾಯಿ! ಈ ನಡುವೆ ಊರಿನ ತಾಯಿಗೆ ಹೋಗುತ್ತಿದ್ದ ಹಣ ತಿಂಗಳಿಗೆ 8,000ದಿಂದ 5,500ಕ್ಕೆ ಇಳಿದಿತ್ತು.

ಇದು ಹುಡುಗನ ದಡ್ಡತನವೆಂದು ನಗುವವರು ಒಂದು ಮಾತು ತಿಳಿಯಲಿ. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದೂ, ಬಡ್ಡಿಯನ್ನು ಬೇರೆ ಶುಲ್ಕಗಳ ಮರೆಯಲ್ಲಿ ಅಡಗಿಸಲಾಗುತ್ತದೆಂದೂ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಬರೆದು ಎಚ್ಚರಿಸಿತ್ತು. ದೇಶದ ದೊಡ್ಡ ಬ್ಯಾಂಕೇ ಬೆರಳು ತೋರಿಸಿದ ಮೋಸವನ್ನು ಹದಿನೆಂಟು ವರ್ಷದ ಹುಡುಗ ಅಂಗಡಿಯ ದೀಪದ ಝಗಝಗದಲ್ಲಿ ಕಾಣಲಿಲ್ಲವೆಂದರೆ ತಪ್ಪು ಯಾರದು?

ನಾವು ಯಂತ್ರದ ವೈರಿಗಳಲ್ಲ. ಒಂದು ಕಾಲಕ್ಕೆ ಊರಿನ ಪತ್ರಕ್ಕಾಗಿ ಎಷ್ಟೋ ದಿನ ಕಾದವರು, ಮನಿಯಾರ್ಡರು ತಲುಪಿತೋ ಇಲ್ಲವೋ ಎಂದು ತಿಂಗಳೆಲ್ಲ ತಳಮಳಿಸಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಂದು ಖೋಲಿಯ ಮೂಲೆಯಲ್ಲಿ ಕುಳಿತು ತಾಯಿಯ ಮುಖ ನೋಡಬಹುದು. 2016ರಲ್ಲಿ ಬಂದ ಯುಪಿಐಯಿಂದ ಗಳಿಗೆಯೊಳಗೆ ಹಣ ಕಳುಹಿಸಬಹುದು. ಇದು ಸಣ್ಣ ಸುಖವಲ್ಲ. ಈ ಸುಖಕ್ಕೆ ನಾವು ತೆರುತ್ತಿರುವ ಬೆಲೆಯ ಚೀಟಿಯನ್ನು ಮುಚ್ಚಿಡುತ್ತಾರಲ್ಲ, ನಮ್ಮ ತಕರಾರು ಅದರ ಮೇಲೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯು ಇಂಟರ್ನೆಟ್ಟನ್ನು ಪುಕ್ಕಟೆ ಹಂಚಿದುದನ್ನು ನೆನೆಯಿರಿ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಹಿರಿಯರು ಹಳಿದರು. ಆದರೆ ಕೊಡುವವನು ವ್ಯಾಪಾರಿಯಾದಾಗ ಮೊಳ ಹಾಕಿಯೇ ನೋಡಬೇಕು. ಪುಕ್ಕಟೆಯ ದಿನಗಳು ಮುಗಿದವು. ಸಣ್ಣ ಕಂಪನಿಗಳು ಒಂದೊಂದಾಗಿ ಕಣ್ಮರೆಯಾದವು. 2024ರ ಜುಲೈಯಲ್ಲಿ ಮೂರೂ ದೊಡ್ಡ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಅಷ್ಟರಲ್ಲಿ ನಮಗೆ ಅಭ್ಯಾಸವಾಗಿತ್ತು. ಬಿಡುವ ದಾರಿ ಇರಲಿಲ್ಲ.

ಏಕೆ ಇರಲಿಲ್ಲ? ಫೋನು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಅದು ಕೆಲಸದ ಹತಾರವಾಗಿದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಗೂ ಆಧಾರಿಗೆ ಜೋಡಿಸಿದ ಮೊಬೈಲು ಸಂಖ್ಯೆ ಕೇಳುತ್ತಾರೆ. ಮನೆ ಮನೆಗೆ ಊಟದ ಪೊಟ್ಟಣ ಮುಟ್ಟಿಸುವ ನಮ್ಮ ಹುಡುಗನಿಗೆ ಫೋನಿಲ್ಲದಿದ್ದರೆ ಅಂದಿನ ಅನ್ನವೇ ಇಲ್ಲ. ಗಿರಣಗಾಂವದ ಹಿರಿಯರನ್ನು ಕೇಳಿ ನೋಡಿರಿ: ಗಿರಣಿಯಲ್ಲಿ ಮಗ್ಗ ಮಾಲೀಕನದು, ನೂಲು ಮಾಲೀಕನದು, ಕರೆಂಟಿನ ಬಿಲ್ಲೂ ಮಾಲೀಕನದೇ. ಕಾರ್ಮಿಕ ತಂದದ್ದು ತನ್ನ ಎರಡು ಕೈ ಮಾತ್ರ. ಇಂದಿನ ಡೆಲಿವರಿ ಹುಡುಗ ಫೋನು ತನ್ನದು, ಬೈಕು ತನ್ನದು, ಪೆಟ್ರೋಲು ತನ್ನದು, ರೀಚಾರ್ಜು ತನ್ನದು, ಅದರ ಮೇಲೆ ಎರಡು ಸಾಲದ ಕಂತೂ ತನ್ನದು ಎಂದು ಹೊತ್ತು ತಿರುಗುತ್ತಾನೆ. ಅಷ್ಟಾದರೂ ಅವನನ್ನು ಕಾರ್ಮಿಕನೆಂದು ಕರೆಯರು, ‘ಪಾರ್ಟ್ನರ್’ ಎನ್ನುತ್ತಾರೆ. ಲಾಭದಲ್ಲಿ ಪಾಲಿಲ್ಲದ ಇದೆಂಥ ಪಾಲುದಾರಿಕೆ?

ಈ ಹೊಳೆಯುವ ಗಾಜಿನ ಹಿಂದೆಯೂ ನಮ್ಮವರೇ ಇದ್ದಾರೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆದುದನ್ನು ಎಲ್ಲ ಪತ್ರಿಕೆಗಳೂ ಬರೆದವು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿದುದನ್ನು ನೆನಪಿಟ್ಟವರು ಕಡಿಮೆ. ಒಡೆದಾಟ ನಮ್ಮ ಮಾರ್ಗವಲ್ಲ. ಆದರೆ ದುಡಿದ ಹಣ ಕೈಗೆ ಬಾರದವನ ಸಿಟ್ಟನ್ನು ಕಾಣದ ಕಣ್ಣು ಕಣ್ಣಲ್ಲ.

ಇನ್ನು ವಸ್ತುವಿನ ಆಯುಸ್ಸು. ಬ್ಯಾಟರಿ ಹಳತಾದ ಫೋನುಗಳನ್ನು ತನ್ನ ಸಾಫ್ಟ್‌ವೇರಿನಿಂದಲೇ ನಿಧಾನಗೊಳಿಸಿದುದನ್ನು ಆಪಲ್ ಕಂಪನಿಯು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂದು ಸಮಜಾಯಿಷಿ ಕೊಟ್ಟಿತು. ಮೊದಲೇ ಏಕೆ ಹೇಳಲಿಲ್ಲವೆಂಬ ಪ್ರಶ್ನೆಯಾದರೋ ಉಳಿಯಿತು. ಬ್ಯಾಟರಿ ಬದಲಿಸಿದರೆ ನಡೆಯುವ ಫೋನನ್ನು ಎಷ್ಟು ಮಂದಿ ಎಸೆದು ಹೊಸ ಸಾಲ ಮಾಡಿದರೋ! ಎಸೆದದ್ದು ಮಾಯವಾಗುವುದಿಲ್ಲ. ದಿಲ್ಲಿಯ ಸೀಲಂಪುರದಂಥ ಗಲ್ಲಿಗಳಲ್ಲಿ ಬಡವರು ಅದನ್ನು ಒಡೆದು, ತಂತಿ ಸುಟ್ಟು, ಹೊಗೆ ಕುಡಿದು ತಾಮ್ರ ತೆಗೆಯುತ್ತಾರೆ.

ಕಡೆಯ ಬೆಲೆ ಹೊತ್ತಿನದು. ಈ ನಗರದಲ್ಲಿ ಹೋಟೆಲಿನ ಹುಡುಗರು ಕಪ್ಪು ಬಸಿ ತೊಳೆದ ಕೈಯಲ್ಲೇ ಪುಸ್ತಕ ಹಿಡಿದು ಕನ್ನಡ ರಾತ್ರಿ ಶಾಲೆಗೆ ಹೋಗಿ ಮುಂದೆ ಬಂದರು. ಇಂದು ಅದೇ ರಾತ್ರಿಯ ಎರಡು ತಾಸನ್ನು ಗಾಜಿನ ಮೇಲೆ ಬೆರಳು ಜಾರಿಸುವುದರಲ್ಲಿ ಕಳೆಯುತ್ತೇವೆ. ಒಂದೇ ಖೋಲಿಯಲ್ಲಿ ಎಂಟು ಜನ ಎಂಟು ಗೋಡೆಗೆ ಮುಖಮಾಡಿ ಮಲಗಿದರೆ ಸಂಘ ಕಟ್ಟುವವರಾರು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಬುದ್ಧಿ ಹೇಳುವವರುಂಟು. ಒಪ್ಪೋಣ. ಆದರೆ ಹಾಸಿಗೆಯನ್ನು ಕಿರಿದು ಮಾಡಿದವರಾರು ಎಂಬುದನ್ನೂ ಕೇಳೋಣ. ಮಾಡಬೇಕಾದುದೇನು?

ಮೊದಲನೆಯದಾಗಿ, ಸಾಲದ ಕಾಗದಕ್ಕೆ ಒಬ್ಬಂಟಿಯಾಗಿ ಒಪ್ಪಿಗೆ ಕೊಡಬೇಡಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಡಿಜಿಟಲ್ ಸಾಲ ಕೊಡುವವನು ವಾರ್ಷಿಕ ದರ ಮತ್ತು ಎಲ್ಲ ಶುಲ್ಕ ನಮೂದಿಸಿದ ಪತ್ರವನ್ನು ಮೊದಲೇ ಕೊಡಬೇಕು. ನಿಮ್ಮ ಫೋನಿನಲ್ಲಿರುವ ಬಂಧುಮಿತ್ರರ ನಂಬರುಗಳಿಗೆ ಅವನ ಆ್ಯಪು ಕೈ ಹಾಕಕೂಡದು. ಆ ಪತ್ರವನ್ನು ಕೇಳಿ ಪಡೆದು ಭಾನುವಾರ ಸಂಘದ ಕಚೇರಿಗೆ ತನ್ನಿರಿ. ಓದಿ ಹೇಳಲು ಜನರಿದ್ದಾರೆ.

ಎರಡನೆಯದಾಗಿ, ನಮ್ಮದೇ ಕೈಗಡದ ನಿಧಿಯೊಂದನ್ನು ಸಂಘ ತೆರೆಯಲಿ. ದಂಡವಿಲ್ಲದೆ, ಬಚ್ಚಿಟ್ಟ ಬಡ್ಡಿಯಿಲ್ಲದೆ ಸದಸ್ಯನಿಗೆ ಹತಾರ ಕೊಳ್ಳಲು ಹಣ ದೊರೆಯಲಿ. ಅದರ ಜೊತೆಗೆ ಫೋನು ರಿಪೇರಿಯನ್ನೂ ಕಲಿಸೋಣ.

ಮೂರನೆಯದಾಗಿ, ಹತಾರದ ಖರ್ಚು ದುಡಿಸಿಕೊಳ್ಳುವವನದು ಎಂಬ ಹಳೆಯ ನ್ಯಾಯವನ್ನು ಮತ್ತೆ ಗಟ್ಟಿಯಾಗಿ ಸಾರೋಣ. ಆ್ಯಪು ಕಾರ್ಮಿಕರ ಕ್ಷೇಮಕ್ಕಾಗಿ ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಕಾಯಿದೆ ಮಾಡಿವೆ. ಅವು ಮೊದಲ ಮೆಟ್ಟಿಲು. ಫೋನು, ಪೆಟ್ರೋಲುಗಳ ಭತ್ಯೆ ಕೇಳುವುದು ಮುಂದಿನ ಮೆಟ್ಟಿಲು.

ಆ ಕುಂದಾಪುರದ ತರುಣ ಈಗ ಪ್ರತಿ ಭಾನುವಾರ ಕಚೇರಿಗೆ ಬರುತ್ತಾನೆ. ಇತರರ ಕಾಗದಗಳ ಲೆಕ್ಕ ಹಾಕಿ ಕೊಡುತ್ತಾನೆ. ಫೋನು ಅವನ ಜೇಬಿನಲ್ಲೇ ಇದೆ. ಸೋದರರೇ, ನೀವೂ ಬನ್ನಿರಿ.